ಊರಿನ ಕಡೆ ತಿರುಗದ ಕಣ್ಣು

ಕಳೆದ ಆಷಾಢದ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ನಾನು ಸೋತಿದ್ದ ಕಂಪ್ಯೂಟರ್ ಆಟವೊಂದರ ರೆಕಾರ್ಡಿಂಗನ್ನು ಎರಡು ಸಲ ನೋಡಿದೆ. ಆಟ ‘ಏಜ್ ಆಫ್ ಎಂಪೈರ್ಸ್ 2’. 1999ರಲ್ಲಿ ಬಂದದ್ದು, 2019ರಲ್ಲಿ ಹೊಸ ರೂಪ ಪಡೆದು ಇಂದಿಗೂ ಜನ ಬಿಡದೆ ಆಡುತ್ತಿರುವಂಥದ್ದು. ಮೊದಲ ಸಲ, ಆಡುವ ಹೊತ್ತಿನಲ್ಲಿ ನನ್ನ ಪರದೆ ಎಲ್ಲೆಲ್ಲಿ ಓಡಾಡಿತ್ತೋ ಅವೇ ಜಾಗಗಳು ಕಾಣುವಂತೆ ಹೊಂದಿಸಿಕೊಂಡು ನೋಡಿದೆ. 18ನೇ ನಿಮಿಷದ ಸುಮಾರಿಗೆ ಕಾಡಿನಂಚಿನಲ್ಲಿ ನನ್ನ ಒಂಬತ್ತು ಬಿಲ್ಲುಗಾರರಿಗೂ ಎದುರಾಳಿಯ ಸೈನಿಕರಿಗೂ ಕಾದಾಟ ಶುರುವಾಯಿತು. ಅಲ್ಲಿ ನಿಂತ ಪರದೆ 1 ನಿಮಿಷ 50 ಸೆಕೆಂಡುಗಳ ಕಾಲ ಒಮ್ಮೆಯೂ ಕದಲಲಿಲ್ಲ. ಎರಡನೆಯ ಸಲ ಆ 110 ಸೆಕೆಂಡುಗಳನ್ನು ಮಾತ್ರ, ಪರದೆಯನ್ನು ನನ್ನ ಊರಿನ ಮೇಲೆ ನಿಲ್ಲಿಸಿಕೊಂಡು ನೋಡಿದೆ.

ಊರು ನಿಂತುಹೋಗಿತ್ತು. ಮನೆ ಕಟ್ಟಿ ಮುಗಿಸಿದ ಇಬ್ಬರು ವಿಲೇಜರ್‌ಗಳು, ಅಂದರೆ ಊರಿನ ಕೆಲಸಗಾರರು, ಆ ಮನೆಯ ಪಕ್ಕದಲ್ಲೇ, ಮುಂದೇನು ಎಂದು ಹೇಳುವವರಿಲ್ಲದೆ ನಿಂತಿದ್ದರು. ಹಣ್ಣಿನ ಪೊದೆಗಳು ಮುಗಿದಿದ್ದವು. ಅಲ್ಲಿದ್ದ ನಾಲ್ವರು ಬರಿಗೈಯಲ್ಲಿದ್ದರು. ಹೊಸ ವಿಲೇಜರ್‌ಗಳನ್ನು ಹುಟ್ಟಿಸಬೇಕಾದ ಟೌನ್ ಸೆಂಟರ್ ಎಂಬ ಮುಖ್ಯ ಕಟ್ಟಡ ಕೆಲಸವಿಲ್ಲದೆ ಸುಮ್ಮನಿತ್ತು. ಪರದೆಯ ಮೇಲ್ತುದಿಯಲ್ಲಿ ನನ್ನ ದಾಸ್ತಾನಿನ ಲೆಕ್ಕವಿತ್ತು; ಮುಂದಿನ ಯುಗಕ್ಕೆ ದಾಟಲು ಬೇಕಾದ 800 ಆಹಾರ ಮತ್ತು 200 ಚಿನ್ನ ಎರಡೂ ನನ್ನ ಬಳಿ ಸೇರಿದ್ದವು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಆ ಹೊತ್ತಿನಲ್ಲಿ ನಾನು ಒಬ್ಬ ಬಿಲ್ಲುಗಾರನ ಪ್ರಾಣ ಉಳಿಸಲು ಅವನನ್ನು ಮರದ ಹಿಂದೆ ಸರಿಸುತ್ತಿದ್ದೆ.

ಈ ಆಟಗಳನ್ನು ಆಡಿ ಅಭ್ಯಾಸವಿಲ್ಲದವರಿಗೆ ಇದರಲ್ಲಿ ಅಂಥದ್ದೇನಿದೆ ಅನ್ನಿಸಬಹುದು. ಚದುರಂಗದಲ್ಲಿ ಎದುರಾಳಿ ಒಂದು ನಡೆ ನಡೆಸಿದ ಮೇಲೆ ನಮ್ಮ ಸರದಿ ಬರುತ್ತದೆ. ರಿಯಲ್ ಟೈಮ್ ಸ್ಟ್ರಾಟೆಜಿ ಎಂಬ ಬಗೆಯ ಆಟಗಳಲ್ಲಿ ಸರದಿ ಎಂಬುದೇ ಇಲ್ಲ. ಇಬ್ಬರ ರಾಜ್ಯಗಳೂ ಒಂದೇ ಗಡಿಯಾರದಡಿ, ಒಂದೇ ಸಮನೆ ನಡೆಯುತ್ತಿರುತ್ತವೆ. ಒಂದು ಕಡೆ ಮರ ಕಡಿಸಬೇಕು, ಹೊಲ ಮಾಡಿಸಬೇಕು, ಮನೆ ಕಟ್ಟಿಸಬೇಕು, ಇನ್ನೊಂದು ಕಡೆ ಸೈನ್ಯ ಕಟ್ಟಬೇಕು, ಮತ್ತೊಂದು ಕಡೆ ಎದುರಾಳಿ ಏನು ಮಾಡುತ್ತಿದ್ದಾನೆಂದು ಸ್ಕೌಟ್ ಕುದುರೆ ಕಳಿಸಿ ನೋಡಬೇಕು. ಇವೆಲ್ಲ ನಡೆಯುವ ಭೂಮಿ ದೊಡ್ಡದು, ನಮಗೆ ಒಂದು ಹೊತ್ತಿಗೆ ಕಾಣುವುದು ಅದರ ಒಂದು ಸಣ್ಣ ಚೌಕ ಮಾತ್ರ. ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಒಬ್ಬ ವಿಲೇಜರ್ ತಯಾರಾಗಲು 25 ಸೆಕೆಂಡು ಬೇಕು. ಆಟದ ಮೊದಲ ಭಾಗದಲ್ಲಿ ಈ 25 ಸೆಕೆಂಡಿನ ತಾಳ ಒಮ್ಮೆಯೂ ತಪ್ಪದಂತೆ ನೋಡಿಕೊಳ್ಳುವುದೇ ಅರ್ಧ ಆಟ. ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ: ಇಡೀ ಆಟದಲ್ಲಿ ನನ್ನ ಟೌನ್ ಸೆಂಟರ್ ಒಟ್ಟು ಏಳೂವರೆ ನಿಮಿಷ ಸುಮ್ಮನಿತ್ತು. ಅಂದರೆ 18 ವಿಲೇಜರ್‌ಗಳು ಹುಟ್ಟಲೇ ಇಲ್ಲ, ಅವರು ಕೊನೆಯವರೆಗೆ ದುಡಿದು ತರಬೇಕಿದ್ದ ಮರವೂ ಆಹಾರವೂ ಚಿನ್ನವೂ ಬರಲೇ ಇಲ್ಲ. ಕಾಡಿನಂಚಿನ ಆ ಕಾದಾಟವನ್ನು ನಾನು ಗೆದ್ದಿದ್ದೆ ಎಂಬುದನ್ನೂ ಹೇಳಬೇಕು.

ಇಪ್ಪತ್ತು ವರ್ಷಗಳಿಂದ ನಾನು ಈ ಆಟದಲ್ಲಿ ಹೀಗೇ ಸೋಲುತ್ತಾ ಬಂದಿದ್ದೇನೆ. ಇದು ನನ್ನೊಬ್ಬನ ಕಷ್ಟವಲ್ಲ. ಈ ಬಗೆಯ ಆಟವನ್ನು ಇಷ್ಟಪಟ್ಟು ಶುರುಮಾಡಿ, ತಂತ್ರಗಳನ್ನೆಲ್ಲ ತಿಳಿದೂ, ‘ಒಟ್ಟಿಗೆ ಅಷ್ಟೊಂದು ಕೆಲಸ ನನ್ನ ಕೈಲಾಗುವುದಿಲ್ಲ’ ಎಂದು ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ತಮಗಿರುವ ಕೊರತೆ ಕೈಯ ವೇಗದ್ದು ಎಂದು ನಂಬಿದ್ದಾರೆ. ಹಾಗಲ್ಲವೆಂದು ನನಗೆ ಅನ್ನಿಸತೊಡಗಿ ಸ್ವಲ್ಪ ಕಾಲವಾಯಿತು. ಯಾಕೆ ಅಲ್ಲ ಎಂಬುದನ್ನು ಬರೆದು ನೋಡಬೇಕೆಂದೇ ಈ ಬರಹ.

ವೇಗದ ಮಾತು ಹುಟ್ಟಿದ್ದು ಸಹಜವೇ. ಈ ಪ್ರಕಾರದ ಆಟಗಳಿಗೆ ಒಂದು ಮಾದರಿ ಹಾಕಿಕೊಟ್ಟ, 1992ರ ‘ಡ್ಯೂನ್ 2’ರಲ್ಲಿ ಒಂದು ಸಲಕ್ಕೆ ಒಂದೇ ವಾಹನವನ್ನೋ ಒಬ್ಬನೇ ಸೈನಿಕನನ್ನೋ ಆರಿಸಿ, ಏನು ಮಾಡಬೇಕೆಂಬ ಗುಂಡಿ ಒತ್ತಿ, ಎಲ್ಲಿಗೆ ಹೋಗಬೇಕೆಂದು ತೋರಿಸಬೇಕಿತ್ತು. 1998ರ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಒಟ್ಟಿಗೆ ಹನ್ನೆರಡನ್ನು ಮಾತ್ರ ಆರಿಸಬಹುದಿತ್ತು. ನೂರು ಸೈನಿಕರನ್ನು ನಡೆಸಲು ಅಷ್ಟೂ ಸಲ ಕೈ ಓಡಬೇಕಾದಾಗ, ನಿಮಿಷಕ್ಕೆ ಎಷ್ಟು ಆಜ್ಞೆ ಕೊಟ್ಟೆ ಎಂಬುದೇ ಆಟಗಾರನ ಅಳತೆಗೋಲಾಯಿತು. ದಕ್ಷಿಣ ಕೊರಿಯಾದಲ್ಲಿ ಈ ಆಟ ಟಿವಿಯಲ್ಲಿ ಬರುವಷ್ಟು ದೊಡ್ಡದಾದಾಗ, ನಿಮಿಷಕ್ಕೆ ಮುನ್ನೂರು ಆಜ್ಞೆ ಕೊಡುವ ಬೆರಳುಗಳನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತಿತ್ತು. ನೋಡಿದವರಿಗೆ ಗುಟ್ಟು ಬೆರಳಿನಲ್ಲೇ ಇದೆ ಅನ್ನಿಸಿತು. ಆದರೆ ನನ್ನ ಆ 110 ಸೆಕೆಂಡುಗಳನ್ನೇ ನೋಡಿದರೆ, ಬಿಲ್ಲುಗಾರರು ಬಾಣ ಬಿಟ್ಟು ಹಿಂದೆ ಸರಿದು, ತಿರುಗಿ ಬಾಣ ಬಿಟ್ಟು ಮತ್ತೆ ಸರಿಯುತ್ತಿದ್ದ ರೀತಿಯಲ್ಲಿ ಕೈ ಸೋತಿರುವ ಗುರುತೇ ಇಲ್ಲ. ಇಡೀ ಆಟದಲ್ಲಿ ನನ್ನ ಕೈ ಅತಿ ಚುರುಕಾಗಿದ್ದ ಹೊತ್ತೇ ಅದು. ಮನೆಯ ಬಳಿ ಬೇಕಾಗಿದ್ದದ್ದು ಆರೋ ಏಳೋ ಗುಂಡಿಗಳ ಕೆಲಸ, ಮೂರು ಸೆಕೆಂಡಿನದು.

ಹಾಗಾದರೆ ಮನಸ್ಸು ಒಟ್ಟಿಗೆ ಎರಡು ಕೆಲಸ ಮಾಡಲಾರದೆ ಹೋಯಿತೇ? ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬಹಳ ಹಿಂದಿನಿಂದ ಕೆಲಸ ಮಾಡಿದ್ದಾರೆ. 1952ರಲ್ಲಿ ವೆಲ್ಫರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ, ಒಂದರ ಬೆನ್ನಿಗೇ ಇನ್ನೊಂದು ಸೂಚನೆ ಬಂದಾಗ ಎರಡನೆಯದಕ್ಕೆ ನಮ್ಮ ಪ್ರತಿಕ್ರಿಯೆ ತಡವಾಗುವುದು ಯಾಕೆಂದು ವಿವರಿಸುತ್ತಾ, ತೀರ್ಮಾನ ತೆಗೆದುಕೊಳ್ಳುವ ಜಾಗ ಮನಸ್ಸಿನಲ್ಲಿ ಒಂದೇ ಇದೆ, ಮೊದಲನೆಯದು ಹೊರಗೆ ಬರುವ ತನಕ ಎರಡನೆಯದು ಬಾಗಿಲಲ್ಲಿ ಕಾಯಬೇಕು ಎಂಬ ವಿಚಾರವನ್ನು ಮುಂದಿಟ್ಟ. ಆಮೇಲೆ ಬಂದವರು ಅದನ್ನು ತಿದ್ದಿದ್ದಾರೆ, ವಾದಿಸಿದ್ದಾರೆ. ಆದರೆ ಯೋಚನೆ ಬೇಡುವ ಎರಡು ತೀರ್ಮಾನಗಳು ಒಟ್ಟಿಗೆ ಆಗುವುದು ಬಹುಪಾಲು ಜನರಿಗೆ ಸಾಧ್ಯವಿಲ್ಲ ಎಂಬ ತಿರುಳು ಉಳಿದಿದೆ. ನಾವು ಮಲ್ಟಿಟಾಸ್ಕಿಂಗ್ ಎನ್ನುವುದು ನಿಜವಾಗಿ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು, ಮತ್ತೆ ವಾಪಸು ಬರುವುದು. ಚೆನ್ನಾಗಿ ಆಡುವವರೂ ಹಾಗೆಯೇ ಮಾಡುತ್ತಾರೆ, ನಾನೂ ಹಾಗೆಯೇ ಮಾಡಬೇಕು. ಅವರಿಗೂ ನನಗೂ ವ್ಯತ್ಯಾಸವಿರುವುದು ಎರಡನ್ನು ಒಟ್ಟಿಗೆ ಮಾಡುವುದರಲ್ಲಲ್ಲ, ಬಿಟ್ಟು ಹೋಗುವುದರಲ್ಲಿ.

ಎಲ್ಲಿ ನೋಡಬೇಕೆಂಬುದೇ ಈ ಆಟದಲ್ಲಿ ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ನನಗೆ ಸಿಕ್ಕ ಅತಿ ಒಳ್ಳೆಯ ಸಾಕ್ಷ್ಯ ಒಂದು ಯಂತ್ರದ್ದು. 2019ರ ಜನವರಿಯಲ್ಲಿ ಡೀಪ್‌ಮೈಂಡ್ ಸಂಸ್ಥೆ ‘ಆಲ್ಫಾಸ್ಟಾರ್’ ಎಂಬ ತನ್ನ ಕೃತಕ ಬುದ್ಧಿಮತ್ತೆಯನ್ನು ‘ಸ್ಟಾರ್‌ಕ್ರಾಫ್ಟ್ 2’ ಆಟದಲ್ಲಿ ಇಬ್ಬರು ವೃತ್ತಿಪರ ಆಟಗಾರರ ಎದುರು ಆಡಿಸಿದ ಪಂದ್ಯಗಳನ್ನು ಪ್ರಕಟಿಸಿತು. ಹತ್ತಕ್ಕೆ ಹತ್ತೂ ಪಂದ್ಯಗಳಲ್ಲಿ ಯಂತ್ರವೇ ಗೆದ್ದಿತ್ತು. ಅದರ ಆಜ್ಞೆಗಳ ಸರಾಸರಿ ವೇಗ ಎದುರಿಗಿದ್ದ ಮನುಷ್ಯರ ವೇಗಕ್ಕಿಂತ ಕಡಿಮೆಯೇ ಇತ್ತು. ಆದರೆ ಅದಕ್ಕೊಂದು ಅನುಕೂಲವಿತ್ತು: ತನಗೆ ಗೋಚರವಾಗುವ ನೆಲವೆಲ್ಲವನ್ನೂ ಅದು ಒಟ್ಟಿಗೆ ನೋಡುತ್ತಿತ್ತು, ಮನುಷ್ಯನಂತೆ ಪರದೆಯನ್ನು ಅಲ್ಲಿಂದಿಲ್ಲಿಗೆ ಸರಿಸಿಕೊಂಡು ಹೋಗಬೇಕಾಗಿರಲಿಲ್ಲ. ಆ ದಿನ ನೇರಪ್ರಸಾರದಲ್ಲಿ ಆಡಿದ ಹನ್ನೊಂದನೇ ಪಂದ್ಯಕ್ಕೆ ಡೀಪ್‌ಮೈಂಡ್‌ನವರು ಇನ್ನೊಂದು ಆವೃತ್ತಿಯನ್ನು ತಂದರು. ಅದಕ್ಕೆ ನಮ್ಮಂತೆಯೇ ಒಂದು ಪರದೆಯಷ್ಟೇ ಕಣ್ಣು, ಎಲ್ಲಿ ನೋಡಬೇಕೆಂದು ಅದೇ ನಿರ್ಧರಿಸಬೇಕು. ಆ ಪಂದ್ಯವನ್ನು ಪೋಲೆಂಡಿನ ಆಟಗಾರ ಮಾನಾ ಗೆದ್ದ. ಅವನ ಒಂದು ಸಣ್ಣ ತುಕಡಿ ಮತ್ತೆ ಮತ್ತೆ ಯಂತ್ರದ ನೆಲೆಯ ಮೇಲೆ ಇಳಿದು ಏಳುತ್ತಿದ್ದಾಗ, ಯಂತ್ರದ ದೊಡ್ಡ ಸೈನ್ಯ ಅದರ ಹಿಂದೆಯೇ ಹೋಗಿ ಬಂದು ಹೊತ್ತು ಕಳೆಯಿತು. ಆ ಆವೃತ್ತಿಗೆ ತರಬೇತಿಯ ಅವಧಿ ಕಡಿಮೆಯಿತ್ತು ಎಂಬುದೂ ನಿಜ. ಅದೇ ವರ್ಷದ ಕೊನೆಗೆ ಕಣ್ಣಿನ ಮಿತಿಯೊಂದಿಗೇ ಅದು ಅತ್ಯುನ್ನತ ದರ್ಜೆಯನ್ನು ಮುಟ್ಟಿತು. ಆದರೂ ಆ ಒಂದು ಸಂಜೆಯ ಆಟ ನನಗೆ ಸಮಾಧಾನ ಕೊಟ್ಟಿದೆ. ಪ್ರಪಂಚವನ್ನು ಒಂದು ಕಿಟಕಿಯ ಮೂಲಕ ನೋಡು ಎಂದಾಗ, ಆ ಕಿಟಕಿಯನ್ನು ಎಲ್ಲಿಡಬೇಕೆಂಬುದನ್ನು ಯಂತ್ರವೂ ಬೇರೆಯಾಗಿ ಕಲಿಯಬೇಕಾಯಿತು.

ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ‘ಸ್ಟಾರ್‌ಕ್ರಾಫ್ಟ್ 2’ರ ಮೂರು ಸಾವಿರಕ್ಕೂ ಹೆಚ್ಚು ಆಟಗಾರರ ರೆಕಾರ್ಡಿಂಗ್‌ಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿದ್ದಾರೆ. ಅವರು ಅಳೆದ ಸಂಗತಿಗಳಲ್ಲಿ ಒಂದು, ಪರದೆ ಹೊಸ ಜಾಗಕ್ಕೆ ಬಂದು ನಿಂತ ಕ್ಷಣದಿಂದ ಅಲ್ಲಿ ಮೊದಲ ಆಜ್ಞೆ ಕೊಡುವ ತನಕ ಹಿಡಿಯುವ ಹೊತ್ತು. 2014ರ ಅವರ ಪ್ರಬಂಧದ ಪ್ರಕಾರ ಆ ಹೊತ್ತು 24ನೇ ವಯಸ್ಸಿನಿಂದಲೇ ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ, ಮತ್ತು ಎಷ್ಟು ಪರಿಣತಿ ಇದ್ದರೂ ಈ ಹೆಚ್ಚಳ ತಪ್ಪುವುದಿಲ್ಲ. ನಲವತ್ತು ದಾಟಿದ ನಾನು ಅದನ್ನು ಓದಿ ಕುಗ್ಗಿದ್ದು ನಿಜ. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ: ವಯಸ್ಸಾದ ಆಟಗಾರರು ಆಟದೊಳಗಿನ ಅನುಕೂಲಗಳನ್ನು ಹೆಚ್ಚು ಜಾಣತನದಿಂದ ಬಳಸಿಕೊಂಡು, ಸರಳವಾದ ದಾರಿ ಹಿಡಿದು, ಈ ನಷ್ಟವನ್ನು ತುಂಬಿಕೊಳ್ಳುವಂತೆ ಕಾಣುತ್ತದೆ. ಹೊಸ ಜಾಗಕ್ಕೆ ಬಂದಮೇಲೆ ಮನಸ್ಸು ನೆಲೆಗೊಳ್ಳಲು ಹಿಡಿಯುವುದು ಸೆಕೆಂಡಿನ ಒಂದು ಭಾಗ ಮಾತ್ರ. ನನ್ನ 110 ಸೆಕೆಂಡುಗಳಿಗೆ ಅದು ಉತ್ತರವಾಗಲಾರದು. ನಾನು ಹೊಸ ಜಾಗಕ್ಕೆ ಬಂದು ತಡಮಾಡಿದವನಲ್ಲ. ಹಳೆಯ ಜಾಗದಿಂದ ಹೊರಟೇ ಇರಲಿಲ್ಲ.

ಇಲ್ಲಿ ನನ್ನ ಹಳೆಯ ರೂಮ್‌ಮೇಟ್‌ನನ್ನು ನೆನೆಯಬೇಕು. 2003ರ ಸುಮಾರಿಗೆ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಎದುರಿನ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು, ಶನಿವಾರ ರಾತ್ರಿ ಶಟರ್ ಎಳೆದ ಮೇಲೆ, ಎಂಟು ಜನ ಸೇರಿ, ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿದ ಲ್ಯಾನ್‌ನಲ್ಲಿ ಆಡುತ್ತಿದ್ದೆವು. ಅವನು ತೀರ್ಥಹಳ್ಳಿ ಕಡೆಯವನು. ಅವನ ಕೈ ನಮ್ಮೆಲ್ಲರಿಗಿಂತ ನಿಧಾನ, ಟೈಪಿಂಗ್ ಕೂಡ ಎರಡೇ ಬೆರಳಿನದು. ಆದರೂ ಅವನನ್ನು ಸೋಲಿಸುವುದು ನಮಗೆ ಕಷ್ಟವಾಗುತ್ತಿತ್ತು. ಒಂದು ರಾತ್ರಿ ಕಂಪ್ಯೂಟರ್ ಸಿಗದೆ ಅವನ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ಅವನ ಆಟ ನೋಡಿದೆ. ನದಿಯ ದಂಡೆಯಲ್ಲಿ ಅವನ ಕುದುರೆ ಸವಾರರಿಗೂ ಎದುರಾಳಿಯ ಭರ್ಜಿಗಾರರಿಗೂ ಹೊಡೆದಾಟ ನಡೆದಿತ್ತು. ಭರ್ಜಿಗಾರರ ಎದುರು ಕುದುರೆಗಳು ಬೀಳುತ್ತವೆ, ಅವುಗಳನ್ನು ಹಿಂದೆ ಸರಿಸಬೇಕು. ಅವನು ಒಂದು ಸಲ ಹಿಂದೆ ಸರಿಯುವಂತೆ ಹೇಳಿ, ಅವು ಸರಿದವೋ ಇಲ್ಲವೋ ನೋಡದೆ, ಊರಿಗೆ ಬಂದು ಎರಡು ಹೊಲಕ್ಕೆ ಜಾಗ ತೋರಿಸುತ್ತಿದ್ದ. ನಾನು ತಡೆಯಲಾರದೆ, “ಅಲ್ಲಿ ನಿನ್ನ ಕುದುರೆ ಸಾಯ್ತಾ ಇದೆಯಲ್ಲೋ!” ಎಂದು ಕೂಗಿದೆ. ಅವನು ತಿರುಗದೆಯೇ ಹೇಳಿದ: “ಸಾಯೋದು ಸಾಯ್ಲಿ ಮಾರಾಯ. ಮೊದ್ಲು ಮನೆ ಕಡೆ ನೋಡ್ಕೊ.”

ಆ ಮಾತನ್ನು ಆಗ ನಾನು ಅವನ ಒರಟುತನವೆಂದು ತಿಳಿದಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಒಂದು ಪೂರ್ತಿ ವಿವರಣೆಯೇ ಇದೆ. ಮುಗಿಯದ ಕೆಲಸವನ್ನು ಬಿಟ್ಟು ಎದ್ದಾಗ ಮನಸ್ಸಿನ ಒಂದು ಪಾಲು ಅಲ್ಲಿಯೇ ಉಳಿದುಬಿಡುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಗಮನದ ಉಳಿಕೆ ಎಂಬ ಅರ್ಥದ ಹೆಸರಿಟ್ಟು ವಿವರಿಸಿದರು. ಅವರು ನೋಡಿದ್ದು ಕಚೇರಿಯ ಬಗೆಯ ಕೆಲಸಗಳನ್ನು. ಯುದ್ಧ ಮಾತ್ರ ಅದಕ್ಕಿಂತ ಹೆಚ್ಚಿನ ಸೆಳೆತವುಳ್ಳದ್ದು. ಮುಂದಿನ ಕ್ಷಣ ಏನಾಗುತ್ತದೋ ಗೊತ್ತಿಲ್ಲ, ನಾನು ನೋಡುತ್ತಿದ್ದರೆ ಒಬ್ಬ ಉಳಿಯಬಹುದು, ನೋಡದಿದ್ದರೆ ಸಾಯಬಹುದು, ಸತ್ತರೆ ಅದು ನನ್ನ ಕಣ್ಣು ತಪ್ಪಿದ್ದರಿಂದ ಎಂಬ ಭಾವ. ಮರ ಕಡಿಯುವವನ ಬಗ್ಗೆ ಆ ಭಾವ ಹುಟ್ಟುವುದಿಲ್ಲ. ಅವನು ಸುಮ್ಮನೆ ನಿಂತರೆ ಆಗುವ ನಷ್ಟ ಹೆಚ್ಚಿನದಾದರೂ ಆ ನಷ್ಟಕ್ಕೆ ರಕ್ತವಿಲ್ಲ, ಸದ್ದಿಲ್ಲ. ಆಟ ಕೂಡ ಈ ವಿಷಯದಲ್ಲಿ ಪಕ್ಷಪಾತಿ. ನಮ್ಮವರ ಮೇಲೆ ದಾಳಿಯಾದರೆ ಎಚ್ಚರಿಕೆಯ ಸದ್ದು ಕೇಳುತ್ತದೆ, ಮೂಲೆಯಲ್ಲಿರುವ ಮಿನಿಮ್ಯಾಪ್ ಎಂಬ ಪುಟ್ಟ ನಕ್ಷೆಯ ಮೇಲೆ ಆ ಜಾಗ ಮಿನುಗುತ್ತದೆ. ಟೌನ್ ಸೆಂಟರ್ ಖಾಲಿ ನಿಂತರೆ ಕಹಳೆ ಊದುವವರಿಲ್ಲ. ಕೆಲಸವಿಲ್ಲದೆ ನಿಂತವರ ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗುರುತು ತೋರಿಸುತ್ತದೆ, ಅದನ್ನು ನಾವೇ ನೆನೆದು ನೋಡಬೇಕು.

ನೆನೆದು ನೋಡಬೇಕು ಎಂಬುದೇ ತೊಡಕಿನ ಇನ್ನೊಂದು ಎಳೆ. ಅಡಿಗೆಮನೆಯಲ್ಲಿ ಒಂದು ಒಲೆಯ ಮೇಲೆ ಅನ್ನ, ಇನ್ನೊಂದರ ಮೇಲೆ ಹುಳಿ, ಪಕ್ಕದಲ್ಲಿ ಹಾಲು ಇಟ್ಟುಕೊಂಡು ನಡುವೆ ತರಕಾರಿ ಹೆಚ್ಚುವವರನ್ನು ಮಲ್ಟಿಟಾಸ್ಕಿಂಗ್‌ಗೆ ಉದಾಹರಣೆಯಾಗಿ ಕೊಡುವುದುಂಟು. ಅವರ ನಿಪುಣತೆ ದೊಡ್ಡದೇ. ಆದರೆ ಅಡಿಗೆಮನೆ ಮಾತಾಡುತ್ತದೆ: ಕುಕ್ಕರ್ ಕೂಗುತ್ತದೆ, ಒಗ್ಗರಣೆ ಚಟಪಟ ಎನ್ನುತ್ತದೆ, ತಳ ಹಿಡಿಯುವ ಮೊದಲೇ ವಾಸನೆ ಬರುತ್ತದೆ. ಆಟದ ಊರು ಮಾತಾಡುವುದಿಲ್ಲ. ಯಾವ ಸೂಚನೆಯೂ ಇಲ್ಲದೆ, 25 ಸೆಕೆಂಡು ಆಗಿರಬೇಕೆಂದು ಒಳಗಿನಿಂದಲೇ ಏಳಬೇಕಾದ ನೆನಪು ಅದು. ಕೈಯಲ್ಲಿರುವ ಕೆಲಸ ಸುಲಭವಾಗಿದ್ದಾಗ ಅಂಥ ನೆನಪು ಏಳುತ್ತದೆ, ಕೆಲಸ ಕಠಿಣವಾದಷ್ಟೂ ಅದು ಮುಳುಗುತ್ತದೆ. ಕಠಿಣವಾದ ಹೊತ್ತೇ ಅದು ಅತ್ಯಗತ್ಯವಾದ ಹೊತ್ತು ಎಂಬುದು ಈ ಆಟದ ಕಷ್ಟ.

ನಮ್ಮಲ್ಲಿ, ಹಲವರು ಕೇಳಿದ್ದಕ್ಕೆ ಸಭೆಯಲ್ಲೇ ನೆನಪಿನಿಂದ ಪದ್ಯ ಕಟ್ಟುವ ಅವಧಾನ ಕಲೆಯನ್ನು ಕಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತದೆ. ಕಾಲೇಜಿನ ದಿನಗಳಲ್ಲೇ ಸೋದರಮಾವನ ಜೊತೆ ಒಂದು ಅಷ್ಟಾವಧಾನಕ್ಕೆ ಹೋಗಿದ್ದೆ. ಅವಧಾನಿಯ ಎದುರು ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಅಕ್ಷರ ಅಕ್ಷರಕ್ಕೂ ಮುಂದೆ ಇಂಥದ್ದು ಬರಕೂಡದೆಂದು ತಡೆಯುತ್ತಾರೆ, ಒಬ್ಬರು ಅಸಂಬದ್ಧವೆನಿಸುವ ಒಂದು ಸಾಲು ಕೊಟ್ಟು ಪದ್ಯ ತುಂಬಿಸಿರೆನ್ನುತ್ತಾರೆ, ಇನ್ನೊಬ್ಬರು ನಾಲ್ಕು ಬೇರೆ ಪದಗಳನ್ನು ಕೊಟ್ಟು ಅವೆಲ್ಲ ಬರುವಂತೆ ಒಂದು ವಸ್ತುವಿನ ಮೇಲೆ ಪದ್ಯ ಕೇಳುತ್ತಾರೆ. ನನ್ನ ಮಾವ ಪಿಸುಮಾತಿನಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು: “ನೋಡು, ಅವರು ಎಂಟನ್ನೂ ಒಟ್ಟಿಗೆ ಮಾಡ್ತಾ ಇಲ್ಲ. ಒಂದೊಂದು ಸುತ್ತಿಗೆ ಒಂದೊಂದು ಪಾದ ಮುಗಿಸಿ ಮುಂದಕ್ಕೆ ಹೋಗ್ತಾರೆ.” ಹೌದು, ನಾಲ್ಕು ಸುತ್ತುಗಳಲ್ಲಿ ಪದ್ಯಗಳು ಪಾದ ಪಾದವಾಗಿ ಬೆಳೆಯುತ್ತವೆ, ಕೊನೆಯಲ್ಲಿ ಧಾರಣೆಯಿಂದ, ಅಂದರೆ ನೆನಪಿನಿಂದ, ಪೂರ್ತಿ ಪದ್ಯಗಳು ಹೊರಬರುತ್ತವೆ. ಸಾವಿರಕ್ಕೂ ಹೆಚ್ಚು ಅಷ್ಟಾವಧಾನಗಳನ್ನು ನಡೆಸಿಕೊಟ್ಟಿರುವ ಶತಾವಧಾನಿ ಆರ್. ಗಣೇಶ್ ಅವರ ಎದುರು ಕೂತಾಗಲೂ ನನ್ನ ಗಮನ ಇದರ ಮೇಲೆಯೇ ಇತ್ತು: ಒಂದು ಪಾದ ಮುಗಿಸಿ ಪಕ್ಕದವರತ್ತ ತಿರುಗಿದಾಗ ಅವರು ಪೂರ್ತಿಯಾಗಿ ತಿರುಗುತ್ತಾರೆ, ಬಿಟ್ಟುಬಂದ ಪದ್ಯದ ನೆರಳು ಮುಖದ ಮೇಲೆ ಉಳಿದಿರುವುದಿಲ್ಲ.

ಆದರೆ ಅಲ್ಲಿ ಸರದಿಯಿದೆ, ಈಗ ಇವರು ಆಮೇಲೆ ಅವರು ಎಂಬ ಕ್ರಮವಿದೆ. ಕ್ರಮವನ್ನು ಮುರಿಯುವವರು ಇಬ್ಬರು. ಅಂಕಿಗಳ ಚೌಕ ತುಂಬಿಸುವ ಸಂಖ್ಯಾಬಂಧದ ಪೃಚ್ಛಕರು ನಡುವೆ ಯಾವಾಗ ಬೇಕಾದರೂ ಚೌಕದ ಒಂದು ಮನೆಯ ಸಂಖ್ಯೆ ಕೇಳಬಹುದು, ಅಪ್ರಸ್ತುತ ಪ್ರಸಂಗದವರು ಯಾವಾಗ ಬೇಕಾದರೂ ತಮಾಷೆಯ ಪ್ರಶ್ನೆ ಎಸೆದು ಏಕಾಗ್ರತೆ ಕದಡಬಹುದು. ಅವರಿಬ್ಬರೂ ಬಾಯಿಬಿಟ್ಟು ಕೇಳುತ್ತಾರೆ ಎಂಬುದಾದರೂ ಇದೆ. ನಮ್ಮ ಆಟವೆಂದರೆ ಎಂಟರಲ್ಲಿ ಏಳು ಪೃಚ್ಛಕರು ಸುಮ್ಮನೆ ಕೂತಿರುವ ಅವಧಾನ. ಕೇಳುವುದು ಅಪ್ರಸ್ತುತ ಪ್ರಸಂಗದ ಒಬ್ಬರ ದನಿ ಮಾತ್ರ, ಉಳಿದವರ ಪಾದಗಳನ್ನು ನಾವಾಗಿಯೇ ನೆನೆದು ಒಪ್ಪಿಸಬೇಕು, ತಡವಾದರೆ ಅವರು ಎದ್ದು ಹೋಗುತ್ತಾರೆ. ಹೀಗೆ ಹೋಲಿಸಿ ನೋಡಿದಾಗ ನನಗೆ ಒಂದು ದಾರಿಯೂ ಕಂಡಿತು. ಆಟ ಸರದಿಯನ್ನು ಕೊಡದಿದ್ದರೆ, ಸರದಿಯನ್ನು ನಾನೇ ಹಾಕಿಕೊಳ್ಳಬಹುದಲ್ಲ?

ಅಲ್ಲಿಗೆ ಬರುವ ಮೊದಲು ಇನ್ನೊಂದು ತಡೆಯನ್ನು ದಾಟಬೇಕಿತ್ತು. ಇದಕ್ಕೆ ಆಟದ ಮೊದಲ ಐದು ನಿಮಿಷದಲ್ಲಿ ಬರುವ ಕಾಡುಹಂದಿಯ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಊರಿನಿಂದ ಸ್ವಲ್ಪ ದೂರದಲ್ಲಿ ಕಾಡುಹಂದಿಯಿರುತ್ತದೆ. ಅದರಲ್ಲಿ 340 ಆಹಾರವಿದೆ, ಕುರಿಯಲ್ಲಿರುವುದು 100. ಒಬ್ಬ ವಿಲೇಜರ್ ಹೋಗಿ ಅದಕ್ಕೆ ಬಾಣ ಹೊಡೆದು, ಅದು ಅಟ್ಟಿಸಿಕೊಂಡು ಬರುವಾಗ ಟೌನ್ ಸೆಂಟರ್ ತನಕ ಓಡಿ ಬರಬೇಕು. ಅಲ್ಲಿ ಕುರಿ ಕೊಯ್ಯುತ್ತಿರುವ ಉಳಿದವರು ಸೇರಿ ಅದನ್ನು ಕೊಲ್ಲಬೇಕು. ಓಟದ ಹೊತ್ತಿನಲ್ಲಿ ಹೊಸ ವಿಲೇಜರ್‌ಗೆ ಹೇಳುವುದು, ಮನೆ ಕಟ್ಟಲು ಒಬ್ಬನನ್ನು ಕಳಿಸುವುದು, ಸ್ಕೌಟ್ ಕುದುರೆಯನ್ನು ಮುಂದಕ್ಕೆ ನಡೆಸುವುದು, ಇಷ್ಟೂ ಆಗಬೇಕು. ಹೊಸಬರು ಹಂದಿಯ ಮೇಲಿನ ಕಣ್ಣು ತೆಗೆಯಲಾರರು. ತೆಗೆದರೆ ವಾಪಸು ಬರುವಷ್ಟರಲ್ಲಿ ಆ ವಿಲೇಜರ್ ಸತ್ತಿರುತ್ತಾನೆ, ಯಾಕೆಂದರೆ ಮನೆ ಕಟ್ಟಿಸುವ ಗುಂಡಿ ಯಾವುದೆಂದು ಹುಡುಕುವುದರಲ್ಲೇ ನಾಲ್ಕು ಸೆಕೆಂಡು ಹೋಗಿರುತ್ತದೆ. ಗುಂಡಿಯನ್ನು ಹುಡುಕುವುದೂ ಒಂದು ತೀರ್ಮಾನವೇ, ಅದೂ ಆ ಒಂದೇ ಬಾಗಿಲಿನಲ್ಲಿ ನಿಲ್ಲಬೇಕು. ಬೆರಳಿಗೆ ದಾರಿ ಗೊತ್ತಿರುವವನಿಗೆ ಆ ಬಾಗಿಲಲ್ಲಿ ಸಾಲೇ ಇರುವುದಿಲ್ಲ.

ಚದುರಂಗದ ಪರಿಣತರ ಬಗ್ಗೆ 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ತೋರಿಸಿದ್ದೂ ಇದಕ್ಕೆ ಹತ್ತಿರದ ವಿಷಯ. ನಿಜವಾದ ಆಟದ ಮಣೆಯನ್ನು ಐದು ಸೆಕೆಂಡು ತೋರಿಸಿದರೆ ಪರಿಣತರು ಬಹುಪಾಲು ಕಾಯಿಗಳನ್ನು ಮತ್ತೆ ಜೋಡಿಸಬಲ್ಲರು. ಕಾಯಿಗಳನ್ನು ಯದ್ವಾತದ್ವಾ ಇಟ್ಟರೆ ಆ ಮೇಲುಗೈ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಅವರ ನೆನಪು ದೊಡ್ಡದಲ್ಲ, ಹಲವು ಕಾಯಿಗಳನ್ನು ಒಟ್ಟಾಗಿ ಒಂದೇ ಆಗಿ ಅವರು ಕಾಣುವ ಗಂಟುಗಳು ದೊಡ್ಡವು. ನನಗೆ ಊರಿನಲ್ಲಿ ಕಾಣುವುದು ಇಪ್ಪತ್ತೇಳು ಜನ, ನನ್ನ ರೂಮ್‌ಮೇಟ್‌ಗೆ ಕಾಣುತ್ತಿದ್ದದ್ದು ‘ಮರ ಸಾಕು, ಆಹಾರ ಸಾಲದು’ ಎಂಬ ಒಂದು ಸಂಗತಿ.

ಆದ್ದರಿಂದ ಸ್ವಭಾವದಿಂದಲೇ ಕೆಲವರಿಗೆ ಇದು ಆಗದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗ್ಲಾಸ್, ಮ್ಯಾಡಾಕ್ಸ್ ಮತ್ತು ಲವ್ ಎಂಬ ಸಂಶೋಧಕರು, ವಿಡಿಯೊ ಗೇಮ್‌ಗಳ ಅಭ್ಯಾಸವಿಲ್ಲದ 72 ಯುವತಿಯರಿಗೆ 40 ಗಂಟೆಗಳ ಕಾಲ ಆಟ ಆಡಿಸಿದರು. ಕೆಲವರಿಗೆ ‘ಸ್ಟಾರ್‌ಕ್ರಾಫ್ಟ್’ನಲ್ಲಿ ಒಂದೇ ನೆಲೆಯನ್ನು ನೋಡಿಕೊಳ್ಳುವ ರೂಪ, ಕೆಲವರಿಗೆ ಎರಡು ನೆಲೆಗಳನ್ನು ಸಂಭಾಳಿಸುವ ರೂಪ, ಉಳಿದವರಿಗೆ ‘ದ ಸಿಮ್ಸ್’ ಎಂಬ, ಇಂಥ ಒತ್ತಡವಿಲ್ಲದ ಆಟ. ಗಮನವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಸಾಮರ್ಥ್ಯವನ್ನು ಆಮೇಲೆ ಅಳೆದಾಗ ಹೆಚ್ಚು ಏರಿಕೆ ಕಂಡದ್ದು ಎರಡು ನೆಲೆಗಳನ್ನು ನೋಡಿಕೊಂಡವರಲ್ಲಿ. ಒಂದು ಅಧ್ಯಯನದಿಂದ ಎಲ್ಲವನ್ನೂ ಹೇಳಲಾಗದು. ಆದರೂ ಬಿಟ್ಟುಹೋಗುವ ಅಭ್ಯಾಸವನ್ನು ಮತ್ತೆ ಮತ್ತೆ ಬೇಡುವ ಆಟದಿಂದಲೇ ಆ ಗುಣ ಬೆಳೆಯುತ್ತದೆ ಎಂಬುದು ನನ್ನ ಅನುಭವಕ್ಕೂ ಹೊಂದುತ್ತದೆ.

ಆಟಗಳನ್ನು ಮಾಡುವವರೂ ಈ ಹೊರೆಯನ್ನು ಇಳಿಸುತ್ತಾ ಬಂದಿದ್ದಾರೆ. ನಮ್ಮ ಸೈಬರ್ ಸೆಂಟರ್‌ನ ಕಾಲದಲ್ಲಿ ಹೊಲದ ಫಸಲು ಮುಗಿದಾಗ ಅದನ್ನು ಮತ್ತೆ ಬಿತ್ತುವುದನ್ನು ನಾವೇ ನೋಡಿಕೊಳ್ಳಬೇಕಿತ್ತು, ಅಥವಾ ಗಿರಣಿಯಲ್ಲಿ ಮೊದಲೇ ಇಷ್ಟು ಎಂದು ಹೇಳಿಟ್ಟಿರಬೇಕಿತ್ತು. 2019ರ ಆವೃತ್ತಿಯಲ್ಲಿ ಹೊಲ ತಾನಾಗಿ ಮತ್ತೆ ಬಿತ್ತನೆಯಾಗುತ್ತದೆ. ಇದರಿಂದ ಆಟದ ಗಟ್ಟಿತನ ಹೋಯಿತೆಂದು ಬೇಸರಪಟ್ಟ ಹಳಬರಿದ್ದಾರೆ. ನಾನು ಅವರೊಂದಿಗಿಲ್ಲ. ಹೊಲ ಬಿತ್ತಲು ಮರೆಯುವುದರಲ್ಲಿ ತಂತ್ರವೂ ಇರಲಿಲ್ಲ, ಸೊಗಸೂ ಇರಲಿಲ್ಲ. ಅಲ್ಲಿ ಉಳಿದ ಗಮನ ಈಗ ಎದುರಾಳಿಯನ್ನು ಅರಿಯುವುದಕ್ಕೆ ಸಿಗುತ್ತದೆ.

ಆ ಆಷಾಢದ ರಾತ್ರಿಯ ನಂತರ ಮೂರು ತಿಂಗಳು ನಾನು ಗೆಲ್ಲುವ ಯೋಚನೆಯನ್ನೇ ಬಿಟ್ಟು ಆಡಿದೆ. ಮೊದಲ ತಿಂಗಳು ಕಂಪ್ಯೂಟರಿನ ಎದುರೇ ಆಡುತ್ತಾ, ಟೌನ್ ಸೆಂಟರನ್ನು ಆರಿಸುವ ಗುಂಡಿ, ವಿಲೇಜರ್ ಗುಂಡಿ, ಖಾಲಿ ನಿಂತವರನ್ನು ಹುಡುಕುವ ಗುಂಡಿ, ಈ ಮೂರನ್ನು ಮಾತ್ರ ಬೆರಳಿಗೆ ಕಲಿಸಿದೆ. ಆಮೇಲೆ ಸರದಿ ಹಾಕಿಕೊಂಡೆ: ಸೈನ್ಯಕ್ಕೆ ಒಂದು ಆಜ್ಞೆ, ಊರಿಗೆ ಒಂದು ಸುತ್ತು, ಮಿನಿಮ್ಯಾಪ್ ಮೇಲೆ ಒಂದು ನೋಟ, ಮತ್ತೆ ಸೈನ್ಯ. ಮೊದಮೊದಲು ಬಾಯಲ್ಲಿ ಮೆಲ್ಲಗೆ “ಸೈನ್ಯ, ಊರು, ನಕ್ಷೆ” ಎಂದು ಹೇಳಿಕೊಳ್ಳುತ್ತಿದ್ದೆ. ಎಲ್ಲಕ್ಕಿಂತ ಕಷ್ಟವಾದದ್ದು ಕಾದಾಟ ಶುರುವಾದ ಮೇಲೆ ಊರಿನ ಸುತ್ತಿಗೆ ಹೋಗುವುದು. ಕೈ ಗುಂಡಿಯ ಮೇಲಿರುತ್ತಿತ್ತು, ಗುಂಡಿ ಯಾವುದೆಂದು ಗೊತ್ತಿತ್ತು, ಸರದಿ ಬಂದಿದೆಯೆಂದೂ ಗೊತ್ತಿತ್ತು. ಆದರೂ ‘ಇದೊಂದು ಬಾಣ ಬಿಟ್ಟು ಹೋಗೋಣ’ ಎನ್ನುತ್ತಾ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಬಿಟ್ಟು ಹೋಗಲು ನಾನು ಕಲಿಯಬೇಕಿದ್ದದ್ದು ನನ್ನವರು ನನ್ನ ಕಣ್ಣಿಲ್ಲದೆಯೂ ಸ್ವಲ್ಪ ಹೊತ್ತು ಹೋರಾಡಬಲ್ಲರು ಎಂಬ ನಂಬಿಕೆಯನ್ನು, ಒಬ್ಬಿಬ್ಬರು ಸಾಯುವುದನ್ನು ತಾಳಿಕೊಳ್ಳುವುದನ್ನು. ಇದು ಕೆಲವರಿಗೆ ಹುಟ್ಟಿನಿಂದ ಬಂದಿರುತ್ತದೆ. ಹಿಡಿದ ಕೆಲಸವನ್ನು ಮುಗಿಸದೆ ಏಳಬಾರದೆಂದು ಬೆಳೆದ ನಮ್ಮಂಥವರಿಗೆ ಇದು ಸ್ವಭಾವಕ್ಕೆ ಎದುರಾಗಿ ಈಜಿದ ಹಾಗೆ. ಬಹಳ ಹೊತ್ತು ಒಂದೇ ಪುಸ್ತಕದಲ್ಲಿ, ಒಂದೇ ಲೆಕ್ಕದಲ್ಲಿ ಮುಳುಗಬಲ್ಲ ನನ್ನ ಗೆಳೆಯರೇ ಈ ಆಟದಲ್ಲಿ ಹೆಚ್ಚು ತಡವರಿಸುವುದನ್ನು ಕಂಡಿದ್ದೇನೆ. ಅವರಲ್ಲಿ ಇಬ್ಬರು ಈಗ ಸರದಿಯಿರುವ ಆಟಗಳಿಗೆ ಹೋಗಿ ಸುಖವಾಗಿದ್ದಾರೆ, ಅದು ಒಳ್ಳೆಯ ಆಯ್ಕೆಯೇ.

ಹೋದ ಭಾನುವಾರ ತೀರ್ಥಹಳ್ಳಿಯ ಗೆಳೆಯನೊಂದಿಗೆ ಆಡಿದೆ. ಅವನು ಈಗಿರುವುದು ಬೇರೆ ದೇಶದಲ್ಲಿ, ಅವನಿಗೆ ಬೆಳಗ್ಗೆಯಾದಾಗ ನಮಗೆ ಸಂಜೆ. ಒಂಬತ್ತು ವರ್ಷದ ಮಗಳು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಿದ್ದಳು. 16ನೇ ನಿಮಿಷದಲ್ಲಿ ಅವನ ಕುದುರೆಗಳು ನನ್ನ ಚಿನ್ನದ ಗಣಿಯ ಹತ್ತಿರ ಬಂದವು, ಎಚ್ಚರಿಕೆಯ ಸದ್ದು ಕೇಳಿತು. ನನ್ನ ಭರ್ಜಿಗಾರರನ್ನು ಅತ್ತ ಕಳಿಸಿ, ಊರಿಗೆ ಬಂದು ಒಬ್ಬ ವಿಲೇಜರ್‌ಗೆ ಹೇಳಿ, ಮನೆಗೆ ಜಾಗ ತೋರಿಸುತ್ತಿದ್ದೆ. ಮಗಳು ಮಿನಿಮ್ಯಾಪ್‌ನ ಮೇಲೆ ಬೆರಳಿಟ್ಟು ಗಾಬರಿಯಿಂದ, “ಅಪ್ಪಾ, ಅಲ್ಲಿ ನಿಮ್ಮೋರು ಸಾಯ್ತಾ ಇದಾರೆ, ನೋಡಿ!” ಎಂದಳು. “ನೋಡ್ತೀನಿ ಪುಟ್ಟಿ, ಈ ಮನೆ ಒಂದು ಇಟ್ಟುಬಿಡ್ತೀನಿ” ಎಂದೆ. ಮನೆ ಇಟ್ಟು, ಖಾಲಿ ನಿಂತಿದ್ದ ಇಬ್ಬರನ್ನು ಮರಕ್ಕೆ ಕಳಿಸಿ, ಗಣಿಯ ಕಡೆ ಪರದೆ ತಿರುಗಿಸಿದಾಗ ಆರು ಭರ್ಜಿಗಾರರಲ್ಲಿ ನಾಲ್ವರು ಇನ್ನೂ ನಿಂತಿದ್ದರು.